ಕೋಟೆ ಬುಡದಲ್ಲಿ ಭಾರಿ ಕಟ್ಟಡ ಯಾಕೆ ಬೇಡ? ದುರ್ಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರದುರ್ಗದ ಹಳೇ ಪೇಟೆಯಲ್ಲಿ, ಕೋಟೆಗೆ ಹೋಗುವ ದಾರಿಯ ಆಚೀಚೆ ದೊಡ್ಡ ದೊಡ್ಡ ವಾಣಿಜ್ಯ ಕಟ್ಟಡ ಬೇಡ ಎಂದು ನಮ್ಮ ಬೀದಿಯ ಕೆಲವರು ಹೇಳಲು ಶುರು ಮಾಡಿ ಬಹಳ ದಿನವಾಯಿತು. ಅಂದಿನಿಂದ ಟೀ ಅಂಗಡಿಯಲ್ಲಿ, ಮದುವೆ ಮನೆಯಲ್ಲಿ, ವಾಟ್ಸಾಪ್‌ನಲ್ಲಿ ಅವವೇ ಪ್ರಶ್ನೆ ಬರುತ್ತಿವೆ. ಕೆಲವರು ಸಿಟ್ಟಿನಿಂದ ಕೇಳುತ್ತಾರೆ. ಕೆಲವರು ನಿಜವಾಗಿ ತಿಳಿದುಕೊಳ್ಳಲು ಕೇಳುತ್ತಾರೆ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಒಂದೇ ಕಡೆ ಬರೆದಿದ್ದೇನೆ.

ನೀವು ಅಭಿವೃದ್ಧಿ ಬೇಡ ಅನ್ನುವವರಾ?

ಖಂಡಿತ ಅಲ್ಲ. ದುರ್ಗ ಹುಟ್ಟಿನಿಂದಲೇ ವ್ಯಾಪಾರದ ಊರು. ದೊಡ್ಡಪೇಟೆ, ಚಿಕ್ಕಪೇಟೆ ಅನ್ನುವ ಹೆಸರುಗಳೇ ಅದನ್ನು ಹೇಳುತ್ತವೆ. ಊರ ನಡುವಿನ ಹೊಂಡಕ್ಕೂ ಸಂತೆಹೊಂಡ ಎಂದೇ ಹೆಸರು. ಅಂಗಡಿ ಇಟ್ಟವರ ಮೇಲೆ, ಮನೆ ಮೇಲೆ ಇನ್ನೊಂದು ಮಹಡಿ ಕಟ್ಟಿದವರ ಮೇಲೆ ನಮಗೆ ಯಾವ ತಕರಾರೂ ಇಲ್ಲ.

ನಮ್ಮ ತಕರಾರು ಅಳತೆಯ ಬಗ್ಗೆ. ನಾಲ್ಕೈದು ಹಳೇ ಮನೆಗಳನ್ನು ಕೊಂಡು, ಎಲ್ಲವನ್ನೂ ಕೆಡವಿ ಒಂದೇ ಸೈಟ್ ಮಾಡಿ, ಕೆಳಗೆ ಬಂಡೆ ಒಡೆದು ಬೇಸ್‌ಮೆಂಟ್ ಇಳಿಸಿ, ಮೇಲೆ ಐದಾರು ಅಂತಸ್ತು ಏರಿಸಿ, ಮುಂದೆ ಗಾಜು ಹೊಚ್ಚಿ, ಹಿಂದೆ ಡೀಸೆಲ್ ಜನರೇಟರ್ ಇಟ್ಟು, ತನ್ನದೇ ಎರಡು ಮೂರು ಬೋರ್‌ವೆಲ್ ಕೊರೆಸುವ ಕಟ್ಟಡ ಇದೆಯಲ್ಲ, ಅದರ ಬಗ್ಗೆ ಮಾತ್ರ ನಾವು ಮಾತಾಡುತ್ತಿರುವುದು.

ಕೋಟೆ ಇರುವುದು ಬೆಟ್ಟದ ಮೇಲೆ. ಕಟ್ಟಡ ಬರುವುದು ಕೆಳಗೆ. ಕೋಟೆಗೆ ಏನು ತೊಂದರೆ?

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಸ್ವಲ್ಪ ಸಂಕಟವಾಗುತ್ತದೆ, ಯಾಕೆಂದರೆ ಕೇಳುವವರು ಬಹುತೇಕ ನಮ್ಮೂರಿನವರೇ. ಕೋಟೆ ಬೆಟ್ಟದ ಮೇಲೆ ಮಾತ್ರ ಇಲ್ಲ. ಏಳುಸುತ್ತಿನ ಕೋಟೆ ಅನ್ನುತ್ತೇವೆ ಅಲ್ವಾ, ಆ ಸುತ್ತುಗಳಲ್ಲಿ ಹೊರಗಿನವು ಬಯಲಲ್ಲೇ ಇದ್ದವು. ಊರು ಅದರ ಒಳಗೇ ಬೆಳೆಯಿತು. ರಂಗಯ್ಯನ ಬಾಗಿಲು, ಸಿದ್ದಯ್ಯನ ಬಾಗಿಲು, ಉಚ್ಚಂಗಿ ಬಾಗಿಲು, ಲಾಲ್‌ಕೋಟೆ ಬಾಗಿಲು, ಇವೆಲ್ಲ ಹೊರಸುತ್ತಿನ ಬಾಗಿಲುಗಳು. ದಿನಾ ತರಕಾರಿ ತರಲು ಹೋಗುವಾಗ ನಾವು ಕೋಟೆಯೊಳಗೇ ಓಡಾಡುತ್ತಿರುತ್ತೇವೆ.

ಬಡಾವಣೆಗಳ ಹೆಸರು ಒಂದ್ಸಲ ಬಾಯಿಬಿಟ್ಟು ಹೇಳಿ ನೋಡಿ. ಬುರುಜನಹಟ್ಟಿ. ಕೆಳಗೋಟೆ. ಆನೆಬಾಗಿಲು. ಬುರುಜು ಕಾಣದೇ ಹೋದರೂ ಹಟ್ಟಿಯ ಹೆಸರಲ್ಲಿ ಬುರುಜು ಉಳಿದಿದೆ. 1568ರಲ್ಲಿ ಮತ್ತಿ ತಿಮ್ಮಣ್ಣ ನಾಯಕನಿಂದ ಶುರುವಾಗಿ 1779ರಲ್ಲಿ ಹೈದರಾಲಿ ಕೋಟೆ ಹಿಡಿಯುವವರೆಗೆ, ಅಂದರೆ 200 ವರ್ಷಕ್ಕೂ ಜಾಸ್ತಿ, ನಾಯಕರು ಕಟ್ಟಿದ್ದು ಕೋಟೆ ಮತ್ತು ಊರು ಎರಡನ್ನೂ ಸೇರಿಸಿ. ಮೇಲುದುರ್ಗದಲ್ಲಿ ದೇವಸ್ಥಾನ, ಕಣಜ, ಮದ್ದು ಅರೆಯುವ ಕಲ್ಲು. ಕೆಳಗೆ ಪೇಟೆ, ಹೊಂಡ, ಹಟ್ಟಿ. ಕೆಳಗಿನ ಊರು ಇಲ್ಲದೆ ಮೇಲಿನ ಕೋಟೆಗೆ ಕಾಳೂ ಇಲ್ಲ, ಕಾವಲೂ ಇಲ್ಲ. ಓಬವ್ವನ ಕಥೆಯಲ್ಲೂ ಕಿಂಡಿ ಕಾಯುತ್ತಿದ್ದವನು ಒಬ್ಬ ಕಾವಲುಗಾರ, ಶತ್ರುವನ್ನು ತಡೆದವಳು ಊಟದ ಹೊತ್ತಿನಲ್ಲಿ ನೀರು ತರಲು ಹೋದ ಅವನ ಹೆಂಡತಿ. ಅವರೂ ಈ ಊರಿನ ಸಾಮಾನ್ಯ ಜನವೇ.

ಹಾಗಾಗಿ ಪೇಟೆಯ ಒಂದು ಸಾಲು ಮನೆ ಹೋದರೆ ಕೋಟೆಯ ಒಂದು ತುಂಡು ಹೋದ ಹಾಗೆ. ಇದನ್ನು ಅಲಂಕಾರಕ್ಕೆ ಹೇಳುತ್ತಿಲ್ಲ. ಹಳೇ ಮನೆಗಳ ಹಿಂದಿನ ಗೋಡೆ ನೋಡಿ, ಕೆಲವು ಕಡೆ ಅದು ಕೋಟೆ ಕಲ್ಲಿನ ಸಾಲಿಗೇ ಅಂಟಿಕೊಂಡಿರುತ್ತದೆ.

ನೀರಿಗೂ ಇದಕ್ಕೂ ಏನು ಸಂಬಂಧ?

ನನ್ನ ಮಟ್ಟಿಗೆ ಇದೇ ಮುಖ್ಯ ಪ್ರಶ್ನೆ. ಸ್ವಲ್ಪ ಉದ್ದ ಹೇಳುತ್ತೇನೆ.

ನಮ್ಮದು ಮಳೆ ಕಮ್ಮಿಯ ಸೀಮೆ. ನದಿ ಹತ್ತಿರ ಇಲ್ಲ. ಇಂದಿಗೂ ನಮ್ಮ ನಲ್ಲಿಗೆ ಬರುವ ನೀರು ದೂರದ ಶಾಂತಿಸಾಗರ ಕೆರೆಯಿಂದ ಮತ್ತು ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರದಿಂದ ಪೈಪಿನಲ್ಲಿ ಬರಬೇಕು. ವಾಣಿವಿಲಾಸ ಸಾಗರದ ಕಟ್ಟೆ ಮುಗಿದದ್ದು 1907ರಲ್ಲಿ. ಅದಕ್ಕೂ ಮೊದಲು, ಪೈಪೂ ಇಲ್ಲ ಮೋಟರೂ ಇಲ್ಲದ ಕಾಲದಲ್ಲಿ ಈ ಊರು ಏನು ಕುಡಿಯುತ್ತಿತ್ತು?

ಬೆಟ್ಟದ ಮೇಲೆ ಬಿದ್ದ ಮಳೆಯನ್ನೇ ಕುಡಿಯುತ್ತಿತ್ತು. ಬಂಡೆ ನೀರು ಹೀರುವುದಿಲ್ಲ, ಜಾರಿಸುತ್ತದೆ. ಆ ಜಾರುವ ನೀರಿಗೆ ನಾಯಕರ ಕಾಲದವರು ದಾರಿ ಮಾಡಿಕೊಟ್ಟರು. ಮೇಲೆ ಗೋಪಾಲಸ್ವಾಮಿ ಹೊಂಡ, ಅದು ತುಂಬಿದರೆ ಅಕ್ಕ ತಂಗಿ ಹೊಂಡ, ಅಲ್ಲಿಂದ ಕೆಳಗೆ ಪೇಟೆಯ ಕಡೆಗೆ ಸಿಹಿನೀರು ಹೊಂಡ, ಸಂತೆಹೊಂಡ. ಒಂದರ ಕೋಡಿ ಇನ್ನೊಂದರ ಒಳಹರಿವು. ಮೇಲಿನ ಹೊಂಡದಲ್ಲಿ ಹೂಳು ಕೂರುತ್ತದೆ, ಕೆಳಗಿನದಕ್ಕೆ ತಿಳಿನೀರು ಬರುತ್ತದೆ. ಹೊಂಡದಿಂದ ನೆಲಕ್ಕೆ ಇಂಗಿದ್ದು ಪೇಟೆಯ ಬಾವಿಗಳಿಗೆ ಬರುತ್ತಿತ್ತು. ಬೆಟ್ಟದಿಂದ ಬೀದಿಯವರೆಗೆ ಇದೆಲ್ಲ ಒಂದೇ ಏರ್ಪಾಡು.

ಈಗ ಇದರ ನಡುವೆ ಒಂದು ಎಕರೆ ಕಾಂಕ್ರೀಟ್ ಹಾಕಿ ನೋಡೋಣ. ಲೆಕ್ಕ ಸುಲಭ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಒಂದು ಸಂಜೆ 50 ಮಿಲಿಮೀಟರ್ ಜೋರು ಮಳೆ ಹೊಯ್ದರೆ ಆ ಒಂದು ಎಕರೆಯಿಂದ ಎರಡು ಲಕ್ಷ ಲೀಟರ್ ನೀರು. 5,000 ಲೀಟರಿನ ಟ್ಯಾಂಕರ್ ಆದರೆ 40 ಟ್ಯಾಂಕರ್. ಮೊದಲು ಇದರಲ್ಲಿ ಒಂದಷ್ಟು ಹಿತ್ತಲಿಗೆ, ಹುಣಸೆ ಮರದ ಬುಡಕ್ಕೆ, ಬಾವಿಗೆ ಹೋಗುತ್ತಿತ್ತು. ಈಗ ಅಷ್ಟೂ ಒಂದೇ ಗಂಟೆಯಲ್ಲಿ ಎರಡಡಿ ಅಗಲದ ಚರಂಡಿಗೆ ಬರುತ್ತದೆ. ಆ ಚರಂಡಿಯಲ್ಲಿ ಪ್ಲಾಸ್ಟಿಕ್ ಕಟ್ಟಿಕೊಂಡಿರುತ್ತದೆ. ನೀರು ತಗ್ಗಿನ ಮನೆಗಳಿಗೆ ನುಗ್ಗುತ್ತದೆ. ಮಾರನೇ ದಿನ ಅದೇ ಮನೆಯವರು ಕುಡಿಯುವ ನೀರಿಗೆ ಬಿಂದಿಗೆ ಹಿಡಿದು ನಿಲ್ಲುತ್ತಾರೆ.

ಇನ್ನು ಬೇಸ್‌ಮೆಂಟ್. ನಮ್ಮಲ್ಲಿ ಮೇಲೆ ಸ್ವಲ್ಪ ಮಣ್ಣು, ಕೆಳಗೆ ಸಡಿಲ ಕಲ್ಲು, ಅದರ ಕೆಳಗೆ ಗಟ್ಟಿ ಬಂಡೆ. ನೀರು ಓಡಾಡುವುದು ಆ ಸಡಿಲ ಕಲ್ಲಿನ ಪದರದಲ್ಲಿ, ಬಂಡೆಯ ಬಿರುಕಿನಲ್ಲಿ. ಬೇಸ್‌ಮೆಂಟ್ ಆ ಪದರವನ್ನೇ ಕತ್ತರಿಸುತ್ತದೆ. ಅಗೆದ ಗುಂಡಿಗೆ ಸುತ್ತಲಿನ ಬಾವಿಯ ನೀರು ಬಂದು ಸೇರುತ್ತದೆ, ಅವರು ಅದನ್ನು ಮೋಟರ್ ಹಾಕಿ ಹೊರಗೆ ಎತ್ತುತ್ತಾರೆ. ಕಾನೂನು ಮಾತಾಡುವಾಗ ಈ ನೀರಿನ ವಿಷಯ ಯಾರೂ ಎತ್ತುವುದಿಲ್ಲ, ಅದೇ ಬೇಜಾರು.

ಇದು ಬರೀ ಊಹೆ ತಾನೇ? ನಿಮಗೆ ಏನಾದರೂ ಆಗಿದೆಯಾ?

ಆಗಿದೆ. ನಮ್ಮದು ಮಣ್ಣಿನ ಮಾಳಿಗೆ ಮನೆ. ಅಜ್ಜಿ ಪ್ರತಿ ವರ್ಷ ಮುಂಗಾರಿಗೆ ಮುಂಚೆ ಕರಲು ಮಣ್ಣು ತರಿಸಿ ಮಾಳಿಗೆ ಮೇಲೆ ಹಾಕಿಸುತ್ತಿದ್ದರು. ಅದು ಮಳೆ ಬಿದ್ದರೆ ಗಟ್ಟಿಯಾಗಿ ಕೂರುತ್ತದೆ, ಸೋರುವುದಿಲ್ಲ. ಒಳಗೆ ಜಂತಿ, ತೊಲೆ, ನಡುವೆ ಒಂದು ಗವಾಕ್ಷಿ. ಮಧ್ಯಾಹ್ನ ಗವಾಕ್ಷಿಯ ಬಿಸಿಲು ಅಡುಗೆ ಮನೆಯ ನೆಲದ ಮೇಲೆ ತಟ್ಟೆಯಷ್ಟು ಅಗಲ ಬೀಳುತ್ತಿತ್ತು. ಅಜ್ಜಿ ಅದನ್ನು ನೋಡಿಯೇ ಹೊತ್ತು ಹೇಳುತ್ತಿದ್ದರು.

ನಮ್ಮ ಪಕ್ಕದ ಮೂರು ಮನೆ ಒಬ್ಬರೇ ಕೊಂಡರು. ಯಾರು ಅಂತ ಬರೆಯುವುದಿಲ್ಲ. ಕೆಡವುವಾಗ ಏನೂ ಅನ್ನಿಸಲಿಲ್ಲ. ಆಮೇಲೆ ಬೇಸ್‌ಮೆಂಟಿಗೆ ಬಂಡೆ ಒಡೆಯುವ ಮಷಿನ್ ಬಂತು. ಬೆಳಗ್ಗೆ ಏಳಕ್ಕೆ ಶುರು, ಕತ್ತಲಾದ ಮೇಲೂ ಟಕಟಕಟಕ. ಶೆಲ್ಫಿನ ಮೇಲಿನ ಸ್ಟೀಲ್ ಲೋಟಗಳು ತಾವಾಗಿಯೇ ಸರಿದು ಅಂಚಿಗೆ ಬರುತ್ತಿದ್ದವು. ನಾಲ್ಕನೇ ದಿನ ಬಾಗಿಲ ಮೇಲಿನ ಮೂಲೆಯಿಂದ ಒಂದು ಬಿರುಕು ಎದ್ದಿತು, ಕೂದಲಿನಷ್ಟು ಸಣ್ಣದು. ಎರಡು ವಾರದಲ್ಲಿ ಅದು ಜಂತಿಯವರೆಗೆ ಏರಿ ನನ್ನ ಕಿರುಬೆರಳು ಹೋಗುವಷ್ಟು ಅಗಲವಾಯಿತು. ಗವಾಕ್ಷಿಯ ಗಾಜು ಒಂದು ರಾತ್ರಿ ಕಳಚಿ ಬಿತ್ತು. ಕೆಳಗೆ ಯಾರೂ ಮಲಗಿರಲಿಲ್ಲ, ಅದೇ ಪುಣ್ಯ.

ಬಾವಿ ಕಥೆ ಇನ್ನೂ ಬೇರೆ. ಗುಂಡಿಯಿಂದ ಒಂದು ದಪ್ಪ ಪೈಪು ಹೊರಗೆ ಎಳೆದು ಚರಂಡಿಗೆ ಬಿಟ್ಟಿದ್ದರು. ಎರಡು ತಿಂಗಳ ಹತ್ತಿರ ಅದರಲ್ಲಿ ತಿಳಿನೀರು ಹರಿಯಿತು. ನಮ್ಮ ಬಾವಿಯ ನೀರು ಇಳಿಯುತ್ತಾ ಹೋಗಿ ಕೊನೆಗೆ ಕೆಸರು ಕಂಡಿತು. ಅಜ್ಜಿ ಆ ಪೈಪಿನ ಹತ್ತಿರ ಹೋಗಿ ಅಂಗೈಯಲ್ಲಿ ನೀರು ಹಿಡಿದು ಬಾಯಿಗೆ ಹಾಕಿಕೊಂಡು, "ಇದು ನಮ್ಮದೇ ಕಣೋ" ಅಂದರು.

ಕೇಳಲು ಹೋದರೆ, ನಿಮ್ಮದು ಹಳೇ ಮನೆ, ಬಿರುಕು ಮೊದಲೇ ಇತ್ತು ಅಂದರು. ಇರಲಿಲ್ಲ ಅನ್ನಲು ನನ್ನ ಹತ್ತಿರ ಒಂದು ಫೋಟೊ ಕೂಡ ಇರಲಿಲ್ಲ.

ನಮ್ಮದು ಬಂಡೆ ಬೆಟ್ಟ. ಜೋಶಿಮಠದ ಹಾಗೆ ಕುಸಿಯುವುದಿಲ್ಲ ಅಲ್ವಾ?

ನಿಜ, ಕುಸಿಯುವುದಿಲ್ಲ. ಸುಮ್ನೆ ಹೆದರಿಸುವ ಕೆಲಸ ನಾವು ಮಾಡುವುದಿಲ್ಲ. ಹಿಮಾಲಯದ ಊರಾದ ಜೋಶಿಮಠ ನಿಂತಿರುವುದು ಹಳೇ ಭೂಕುಸಿತದ ಸಡಿಲ ಮಣ್ಣು ಕಲ್ಲಿನ ಮೇಲೆ. ಅಲ್ಲಿ ಭಾರಿ ಕಟ್ಟಡ ಬೇಡ ಎಂದು ಸರ್ಕಾರವೇ ನೇಮಿಸಿದ್ದ ಮಿಶ್ರಾ ಸಮಿತಿ 1976ರಲ್ಲೇ ಹೇಳಿತ್ತು. 2023ರ ಜನವರಿಯಲ್ಲಿ ಮನೆಗಳು ಬಾಯಿಬಿಟ್ಟವು. ನಮ್ಮದು ಕೋಟ್ಯಂತರ ವರ್ಷ ಹಳೆಯ ಗಟ್ಟಿ ಕಲ್ಲು.

ಆದರೆ ನಮ್ಮ ಬೆಟ್ಟದಲ್ಲಿ ಒಂದರ ಮೇಲೊಂದು ಕೂತಿರುವ ಗುಂಡುಗಳನ್ನು ನೋಡಿದ್ದೀರಲ್ಲ. ಕೆಲವು ಅಂಗೈಯಗಲ ಜಾಗದ ಮೇಲೆ ನಿಂತಿವೆ. ಕೋಟೆ ಗೋಡೆಯಲ್ಲೂ ಬಹಳ ಕಡೆ ಗಾರೆ ಇಲ್ಲ, ಕಲ್ಲಿಗೆ ಕಲ್ಲು ಕೂರಿಸಿದ್ದಾರೆ. ತಿಂಗಳುಗಟ್ಟಲೆ ಬಂಡೆ ಒಡೆಯುವ ಅದುರು ಅಂಥ ಗೋಡೆಗೆ ಒಳ್ಳೆಯದಲ್ಲ. ಗೋಡೆ ಒಂದೇ ದಿನ ಬೀಳುವುದಿಲ್ಲ. ಒಂದು ಕಲ್ಲು ಸರಿಯುತ್ತದೆ, ಆ ಸಂದಿಯಲ್ಲಿ ಆಲದ ಬೀಜ ಮೊಳೆಯುತ್ತದೆ, ಉಳಿದ ಕೆಲಸವನ್ನು ಬೇರು ಮಾಡುತ್ತದೆ.

ಇದಕ್ಕೆಲ್ಲ ಕಾನೂನು ಇಲ್ಲವಾ?

ಇದೆ. ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿರುವ ಸ್ಮಾರಕ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ, ಅದಕ್ಕೆ 2010ರಲ್ಲಿ ಬಂದ ತಿದ್ದುಪಡಿ, ಇವೆರಡರ ಪ್ರಕಾರ ಸಂರಕ್ಷಿತ ಪ್ರದೇಶದ ಗಡಿಯಿಂದ 100 ಮೀಟರ್ ನಿಷೇಧಿತ ವಲಯ. ಅಲ್ಲಿ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಅಲ್ಲಿ ಕಟ್ಟಲು ಸಕ್ಷಮ ಪ್ರಾಧಿಕಾರದ ಅನುಮತಿ ಬೇಕು. ಮೀರಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಅಳತೆ ಎಲ್ಲಿಂದ ಅನ್ನುವುದನ್ನು ಗಮನಿಸಿ. ಬೆಟ್ಟದ ತುದಿಯ ದೇವಸ್ಥಾನದಿಂದ ಅಲ್ಲ, ಸಂರಕ್ಷಿತ ಪ್ರದೇಶದ ಗಡಿಯಿಂದ. "ಕೋಟೆ ಅಲ್ಲೆಲ್ಲೋ ಮೇಲಿದೆ, ನಮ್ಮ ಸೈಟ್ ಇಲ್ಲಿದೆ" ಅನ್ನುವ ವಾದ ನಿಲ್ಲುವುದಿಲ್ಲ.

ಹಾಗಾದರೆ ನಿಷೇಧಿತ ವಲಯದಲ್ಲಿರುವ ನಮ್ಮ ಮನೆಗೆ ಸುಣ್ಣ ಬಳಿಯಲೂ ಆಗಲ್ವಾ?

ಈ ಭಯವನ್ನು ಯಾರೋ ಬೇಕೆಂದೇ ಹಬ್ಬಿಸುತ್ತಾರೆ. 1992ರ ಜೂನ್ 16ಕ್ಕೆ ಮೊದಲೇ ಇದ್ದ ಮನೆಯ ರಿಪೇರಿಗೆ, ನವೀಕರಣಕ್ಕೆ ಅರ್ಜಿ ಹಾಕಿ ಅನುಮತಿ ಪಡೆಯಬಹುದು. ಓಡಾಟ ಇದೆ, ತಡ ಆಗುತ್ತದೆ, ಅದು ನಿಜವಾದ ಕಷ್ಟ. ಬಡವರ ಮನೆ ರಿಪೇರಿ ಅರ್ಜಿ ಬೇಗ ಮುಗಿಯಬೇಕು ಅನ್ನುವುದೂ ನಮ್ಮ ಬೇಡಿಕೆಯಲ್ಲಿ ಸೇರಿದೆ. ಸಣ್ಣವರಿಗೆ ಕಾನೂನು ಬಿಗಿ, ದೊಡ್ಡವರಿಗೆ ಸಡಿಲ ಅನ್ನುವ ಹಾಗಿದ್ದರೆ ಜನ ಸ್ಮಾರಕವನ್ನೇ ದ್ವೇಷಿಸಲು ಶುರು ಮಾಡುತ್ತಾರೆ.

300 ಮೀಟರ್ ಆಚೆ ಕಟ್ಟಿದರೆ ಆಕ್ಷೇಪ ಇಲ್ಲ ತಾನೇ?

ಕಾನೂನಿನ ಮಾತು ಬೇರೆ, ಊರಿನ ಮಾತು ಬೇರೆ. ಎತ್ತರ ನೋಡಬೇಕು. ಇವತ್ತು ಪೇಟೆಯ ಎಷ್ಟೋ ಸಂದಿಗಳ ಕೊನೆಯಲ್ಲಿ ಬೆಟ್ಟ ಕಾಣುತ್ತದೆ. ದಾರಿ ತಪ್ಪಿದರೆ ತಲೆ ಎತ್ತಿ ಬೆಟ್ಟ ನೋಡಿ ದಿಕ್ಕು ತಿಳಿಯುವ ಊರು ಇದು. ರಸ್ತೆಯ ಎರಡೂ ಕಡೆ ಆರು ಅಂತಸ್ತು ಎದ್ದರೆ ಕಾಣುವುದು ಫ್ಲೆಕ್ಸು, ಎಸಿ ಯಂತ್ರಗಳ ಬೆನ್ನು.

ರಸ್ತೆ ಅಗಲೀಕರಣದ ಹಿಂದೆಯೂ ಒಂದು ಲೆಕ್ಕ ಇದೆ. ಕಟ್ಟಡ ನಿಯಮಗಳಲ್ಲಿ ಎಷ್ಟು ಎತ್ತರ, ಸೈಟಿನ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಎಫ್‌ಎಆರ್ ಎಲ್ಲ ಮುಂದಿನ ರಸ್ತೆಯ ಅಗಲದ ಮೇಲೆ ನಿಂತಿದೆ. ರಸ್ತೆ ಅಗಲವಾದರೆ ಕಟ್ಟಡ ಎತ್ತರವಾಗುತ್ತದೆ, ಕಟ್ಟಡ ಎತ್ತರವಾದರೆ ವಾಹನ ಜಾಸ್ತಿ ಆಗುತ್ತವೆ, ವಾಹನ ಜಾಸ್ತಿ ಆದರೆ ಮತ್ತೆ ರಸ್ತೆ ಸಾಲದು. ಪ್ರತಿ ಸುತ್ತಿನಲ್ಲೂ ಮೊದಲು ಹೋಗುವುದು ಮನೆ ಮುಂದಿನ ಜಗಲಿ. ಸಂಜೆ ಹೆಂಗಸರು ಕೂತು ಹೂ ಕಟ್ಟುವ, ಅಜ್ಜಂದಿರು ಪೇಪರ್ ಓದುವ ಕಲ್ಲಿನ ಜಗಲಿ.

ಇನ್ನೊಂದು ಮಾತು. ಈ ಊರಿನ ನೆಲದೊಳಗೆ ಏನಿದೆ ಅನ್ನುವುದು ಪೂರ್ತಿ ಹೊರಬಂದಿಲ್ಲ. ಬೆಟ್ಟದ ಮಗ್ಗುಲಿಗೇ ಇರುವ ಚಂದ್ರವಳ್ಳಿಯಲ್ಲಿ 1929ರಲ್ಲಿ ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದರು. ಶಾತವಾಹನರ ನಾಣ್ಯದ ಜೊತೆ ರೋಮನ್ ನಾಣ್ಯಗಳೂ ಸಿಕ್ಕವು. ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ್ದನ್ನು ಹೇಳುವ ಶಾಸನ ಅಲ್ಲೇ ಬಂಡೆ ಮೇಲಿದೆ. ಬ್ರಷ್ ಹಿಡಿದು ಅಂಗುಲ ಅಂಗುಲ ಅಗೆಯಬೇಕಾದ ನೆಲ ಇದು. ಜೆಸಿಬಿಯ ಒಂದು ಬಕೆಟ್ಟಿನಲ್ಲಿ ಏನು ಹೋಯಿತು ಅಂತ ಯಾರಿಗೆ ಗೊತ್ತಾಗಬೇಕು?

ಮಾಲ್ ಬಂದರೆ ನಮ್ಮ ಹುಡುಗರಿಗೆ ಕೆಲಸ ಸಿಗುತ್ತದಲ್ಲ?

ಸಿಗುತ್ತದೆ. ಸೆಕ್ಯೂರಿಟಿ, ಕ್ಲೀನಿಂಗ್, ಬಿಲ್ಲಿಂಗ್ ಕೌಂಟರ್. ಅದು ಕೆಲಸವೇ, ಕೀಳಾಗಿ ನೋಡಬಾರದು. ಆದರೆ ಕಳೆಯುವ ಲೆಕ್ಕವನ್ನೂ ಹಾಕಬೇಕು. ಪೇಟೆಯ ಒಂದು ಸಾಲಿನಲ್ಲಿ ಕಿರಾಣಿ, ಪಾತ್ರೆ, ಬಳೆ, ಬಟ್ಟೆ, ಹೊಲಿಗೆ, ಮಂಡಕ್ಕಿ ಮಿರ್ಚಿ ಗಾಡಿ ಇರುತ್ತವೆ. ಪ್ರತಿ ಅಂಗಡಿಯಲ್ಲಿ ಮಾಲೀಕರೂ ನಮ್ಮೂರವರು, ಕೆಲಸದವರೂ ನಮ್ಮೂರವರು. ಲಾಭ ಬಂದರೆ ಇಲ್ಲೇ ಮಗಳ ಮದುವೆಗೆ, ಮಗನ ಫೀಸಿಗೆ ಖರ್ಚಾಗುತ್ತದೆ. ದೊಡ್ಡ ಚೈನ್ ಅಂಗಡಿಯ ದುಡ್ಡು ಅದೇ ರಾತ್ರಿ ಬೇರೆ ಊರಿನ ಖಾತೆಗೆ ಹೋಗುತ್ತದೆ. ಸಾಲಕ್ಕೆ ಸಾಮಾನು ಕೊಟ್ಟು, "ಇರಲಿ ಬಿಡಮ್ಮ, ಸಂಬಳ ಆದ ಮೇಲೆ ಕೊಡು" ಅನ್ನುವ ಬಿಲ್ಲಿಂಗ್ ಮಷಿನ್ ಇನ್ನೂ ಬಂದಿಲ್ಲ.

ಮೊದಲು ಬಾಡಿಗೆ ಏರುತ್ತದೆ. ಅಂಗಡಿ ಕಟ್ಟಡದ ಮಾಲೀಕರು ಹೊಸ ರೇಟು ಕೇಳುತ್ತಾರೆ. ಮೂವತ್ತು ವರ್ಷದಿಂದ ಇದ್ದ ಟೈಲರ್ ಮೊದಲು ಹೋಗುತ್ತಾರೆ, ಆಮೇಲೆ ಹೂವಿನವರು.

ದಾವಣಗೆರೆ ಅಷ್ಟು ಬೆಳೆದಿದೆ. ನಾವು ಮಾತ್ರ ಹಿಂದೆ ಉಳಿಯಬೇಕಾ?

ಈ ನೋವು ನನಗೂ ಅರ್ಥವಾಗುತ್ತದೆ. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆ ಆಯಿತು. ಅಲ್ಲಿನ ಕಾಲೇಜು, ಆಸ್ಪತ್ರೆ, ಅಂಗಡಿಗಳನ್ನು ನೋಡಿ ನಮ್ಮೂರಿನವರಿಗೆ ಹೊಟ್ಟೆ ಚುರ್ ಅನ್ನುವುದು ಸಹಜ. ಆದರೆ ದಾವಣಗೆರೆ ಬಯಲಿನ ಊರು. ಹತ್ತಿ, ಮಿಲ್ಲು, ಮಂಡಿಗಳ ಮೇಲೆ ಬೆಳೆದದ್ದು. ಅದು ಎಲ್ಲ ದಿಕ್ಕಿಗೂ ಹರಡಬಹುದು. ನಮ್ಮ ಹಳೇ ಪೇಟೆಗೆ ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಹೊಂಡ, ನಡುವೆ ಗೋಡೆ.

ದುರ್ಗ ಬೆಳೆಯಲು ಜಾಗ ಇಲ್ಲದೆ ಇಲ್ಲ. ಬೆಂಗಳೂರು ಪುಣೆ ಹೆದ್ದಾರಿ, ಸೊಲ್ಲಾಪುರ ಕಡೆಯ ಹೆದ್ದಾರಿ ಎರಡೂ ನಮ್ಮ ಊರ ಪಕ್ಕದಲ್ಲೇ ಹಾದುಹೋಗುತ್ತವೆ. ದೊಡ್ಡ ಹೋಟೆಲ್, ಗೋದಾಮು, ಮಾಲ್ ಆ ಕಡೆ ಬರಲಿ, ನಾವೇ ಹೋಗಿ ಸ್ವಾಗತಿಸುತ್ತೇವೆ. ಅಲ್ಲೂ ಕೆರೆ ಅಂಗಳ ಬಿಟ್ಟು ಕಟ್ಟಲಿ, ಅಷ್ಟೇ.

ಪ್ರವಾಸಿಗರಿಗೆ ಲಾಡ್ಜ್, ಶೌಚಾಲಯ, ಪಾರ್ಕಿಂಗ್ ಬೇಡವಾ?

ಬೇಕು. ಶೌಚಾಲಯ ತುಂಬಾ ಬೇಕು, ಅದರಲ್ಲೂ ಹೆಣ್ಣುಮಕ್ಕಳಿಗೆ. ಕುಡಿಯುವ ನೀರು ಬೇಕು. ಇದಕ್ಕೆ ಐದಂತಸ್ತಿನ ಕಟ್ಟಡ ಬೇಕಿಲ್ಲ.

ಪಾರ್ಕಿಂಗ್ ವಿಷಯದಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ: ಬಸ್ಸು, ಕಾರು ಪೇಟೆಯ ಹೊರಗೆ ನಿಲ್ಲಬೇಕು. ಅಲ್ಲಿಂದ ಜನ ನಡೆದು, ಆಗದವರು ಆಟೋದಲ್ಲಿ ಬರಬೇಕು. ಆಟೋದವರಿಗೆ ಬಾಡಿಗೆ ಸಿಗುತ್ತದೆ. ನಡೆಯುವವರು ದಾರಿಯಲ್ಲಿ ದೋಸೆ ತಿನ್ನುತ್ತಾರೆ, ಬಳೆ ನೋಡುತ್ತಾರೆ, ರಂಗಯ್ಯನ ಬಾಗಿಲ ಹತ್ತಿರ ನಿಂತು ತಲೆ ಎತ್ತುತ್ತಾರೆ. ಈಗ ಆಗುತ್ತಿರುವುದೇನು? ಕಾರು ನೇರ ಕೋಟೆ ಬಾಗಿಲಿಗೆ, ಎರಡು ಗಂಟೆ ಹತ್ತಿ ಇಳಿದು, ಮತ್ತೆ ಹೆದ್ದಾರಿಗೆ. ಬಂದವರಿಗೆ ಊರೂ ಕಾಣುವುದಿಲ್ಲ, ಊರಿಗೆ ಅವರೂ ಕಾಣುವುದಿಲ್ಲ. ಕೋಟೆ ಬಾಗಿಲಲ್ಲೇ ದೊಡ್ಡ ಫುಡ್‌ಕೋರ್ಟ್ ಕಟ್ಟಿದರೆ ಇದೇ ಚಾಳಿ ಕಾಯಂ ಆಗುತ್ತದೆ.

ಉಳಿಯಲು ಹಳೇ ಮನೆಗಳಲ್ಲೇ ಒಂದೆರಡು ಕೋಣೆ ಸರಿ ಮಾಡಿ ಕೊಡಬಹುದು. ಮಾಳಿಗೆ ಮನೆ ಬೇಸಿಗೆಯಲ್ಲಿ ಎಷ್ಟು ತಂಪು ಅನ್ನುವುದು ದುರ್ಗದ ಏಪ್ರಿಲ್ ಕಂಡವರಿಗೆ ಹೇಳಬೇಕಾಗಿಲ್ಲ.

ರೋಪ್‌ವೇ ಬಂದರೆ ವಯಸ್ಸಾದವರಿಗೆ ಅನುಕೂಲ ಅಲ್ವಾ?

ಅನುಕೂಲವೇ. ಆದರೆ ಕಂಬ ಎಲ್ಲಿ ನೆಡುತ್ತಾರೆ, ಕೆಳಗಿನ ಸ್ಟೇಷನ್ ಜೊತೆ ಎಷ್ಟು ಅಂಗಡಿ ಬರುತ್ತವೆ, ಒಂದು ಗಂಟೆಗೆ ಎಷ್ಟು ಜನರನ್ನು ಮೇಲಕ್ಕೆ ಸುರಿಯುತ್ತದೆ ಅನ್ನುವುದನ್ನು ಕಾಗದದ ಮೇಲೆ ನೋಡದೆ ನಾನಂತೂ ಹೂಂ ಅನ್ನುವುದಿಲ್ಲ. ವಯಸ್ಸಾದವರಿಗೆ ಮೊದಲು ಆಗಬೇಕಾದದ್ದು ಮೆಟ್ಟಿಲಿಗೆ ಹಿಡಿಕೆ, ನೆರಳಲ್ಲಿ ಕೂರುವ ಜಾಗ.

ಕಟ್ಟಡಕ್ಕೆ ಕೋಟೆಯ ಥರ ಕಲ್ಲಿನ ತೋರಿಕೆ ಕೊಟ್ಟರೆ ಒಪ್ಪುತ್ತೀರಾ?

ಇಲ್ಲ. ಮುಂದೆ ಕಲ್ಲು ಅಂಟಿಸಿ, ಮೇಲೆ ಕೋಟೆಗೋಡೆಯ ಹಾಗೆ ತೆನೆ ಕಟ್ಟಿದ ಮಾತ್ರಕ್ಕೆ ಬೇಸ್‌ಮೆಂಟ್ ಮಾಯವಾಗುವುದಿಲ್ಲ, ಬೋರ್‌ವೆಲ್ ನೀರು ಎಳೆಯುವುದನ್ನು ನಿಲ್ಲಿಸುವುದಿಲ್ಲ.

ಹಂಪಿಯಲ್ಲಿ ಎಲ್ಲ ಕೆಡವಿ ಹಾಕಿದರು. ಇಲ್ಲೂ ಹಾಗೇ ಆಗಬೇಕಾ?

ಆಗಬಾರದು. ಹಂಪಿಯಿಂದ ಎರಡು ಪಾಠ ಇದೆ, ಎರಡನ್ನೂ ಒಟ್ಟಿಗೆ ನೋಡಬೇಕು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿ, 1999ರಲ್ಲಿ ಅಪಾಯದ ಪಟ್ಟಿಗೆ ಹೋಯಿತು. ಆನೆಗೊಂದಿಯ ಹತ್ತಿರ ಕಟ್ಟುತ್ತಿದ್ದ ಸೇತುವೆ ಅದಕ್ಕೊಂದು ದೊಡ್ಡ ಕಾರಣ. ಆ ಪಟ್ಟಿಯಿಂದ ಹೊರಬಂದದ್ದು 2006ರಲ್ಲಿ. ಹಂಪಿಯ ಎದುರು ನದಿಯಾಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳು ವರ್ಷಗಟ್ಟಲೆ ಬೆಳೆದು, ಕೊನೆಗೆ 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ನೆಲಸಮವಾದವು. ಮೊದಲೇ ತಡೆದಿದ್ದರೆ ದುಡ್ಡು ಹಾಕಿದವರೂ ಉಳಿಯುತ್ತಿದ್ದರು.

ಇನ್ನೊಂದು ಪಾಠ 2011ರದು. ಹಂಪಿ ಬಜಾರಿನಲ್ಲಿ ತಲೆಮಾರಿನಿಂದ ಇದ್ದ ಮನೆ ಅಂಗಡಿಗಳನ್ನು ಎಬ್ಬಿಸಿದರು. ಅಲ್ಲಿಗೆ ಹೋದಾಗೆಲ್ಲ ಆ ಖಾಲಿ ಕಲ್ಲಿನ ಸಾಲು ನೋಡಿ ನನಗೆ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ಕೋಟೆ ಉಳಿಸುವ ಹೆಸರಲ್ಲಿ ಬುರುಜನಹಟ್ಟಿಯ ಮನೆಯವರನ್ನು ಎಬ್ಬಿಸಲು ಯಾರಾದರೂ ಬಂದರೆ, ಅವರ ಎದುರೂ ನಾವೇ ನಿಲ್ಲುತ್ತೇವೆ.

ನನ್ನ ಹಳೇ ಮನೆ ಸೋರುತ್ತದೆ. ಮಾರಿದರೆ ಒಳ್ಳೆ ದುಡ್ಡು ಬರುತ್ತದೆ. ಯಾಕೆ ಮಾರಬಾರದು?

ಮಾರಬಾರದು ಅನ್ನುವ ಹಕ್ಕು ನನಗಿಲ್ಲ. ಮಕ್ಕಳೆಲ್ಲ ಬೆಂಗಳೂರಲ್ಲಿ, ಮಾಳಿಗೆಗೆ ಮಣ್ಣು ಹಾಕುವ ಆಳು ಸಿಗುವುದಿಲ್ಲ, ಜಂತಿಗೆ ಗೆದ್ದಲು. ಮಾರಿದವರ ಮೇಲೆ ನನಗೆ ಕೋಪವಿಲ್ಲ. ಮೂರು ವಿಷಯ ಮಾತ್ರ ಹೇಳುತ್ತೇನೆ. ಮಾರುವ ಮುಂಚೆ ಅಕ್ಕಪಕ್ಕದವರನ್ನು ಒಂದು ಮಾತು ಕೇಳಿ, ಬೀದಿಯಲ್ಲೇ ಕೊಳ್ಳುವವರು ಇರಬಹುದು. ನಿಮ್ಮ ಸೈಟಿನಲ್ಲಿ ಏನು ಕಟ್ಟಲು ಅವಕಾಶ ಇದೆ ಎಂದು ನೀವೇ ತಿಳಿದುಕೊಳ್ಳಿ, ಯಾಕೆಂದರೆ ಬ್ರೋಕರ್‌ಗಳು "ಇಲ್ಲಿ ಏನೂ ಕಟ್ಟಲು ಬರಲ್ಲ" ಎಂದು ಹೆದರಿಸಿ ಕಮ್ಮಿ ರೇಟಿಗೆ ಹಿಡಿಯುತ್ತಾರೆ. ಬಾಗಿಲು, ಕಂಬ, ಬೋದಿಗೆ, ಹಳೇ ಪತ್ರಗಳನ್ನು ಗುಜರಿಗೆ ಹಾಕಬೇಡಿ.

ಒಂದು ಕಟ್ಟಡಕ್ಕೆ ಅನುಮತಿ ಇದೆಯೋ ಇಲ್ಲವೋ, ತಿಳಿಯುವುದು ಹೇಗೆ?

ಮೊದಲು ಮೊಬೈಲಿನಲ್ಲಿ ಸರ್ಕಾರದ ದಿಶಾಂಕ್ ಆ್ಯಪ್ ಹಾಕಿಕೊಂಡು ಆ ಜಾಗದಲ್ಲಿ ನಿಂತು ಸರ್ವೆ ನಂಬರ್ ನೋಡಿ. ಆಮೇಲೆ ನಗರಸಭೆಗೆ ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಹಾಗಾಗಿ ಕಥೆ ಬರೆಯಬೇಡಿ. ಮಂಜೂರಾದ ನಕ್ಷೆಯ ಪ್ರತಿ, ಪುರಾತತ್ವದವರ ನಿರಾಕ್ಷೇಪಣಾ ಪತ್ರದ ಪ್ರತಿ, ಬೇಸ್‌ಮೆಂಟಿಗೆ ಅನುಮತಿ ಇದೆಯೇ, ಇಷ್ಟೇ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಬರದಿದ್ದರೆ ಮೇಲ್ಮನವಿ.

ನಕ್ಷೆ ಕೈಗೆ ಬಂದ ಮೇಲೆ ಅದನ್ನು ಹಿಡಿದು ಸೈಟಿನ ಎದುರು ನಿಂತು ಅಂತಸ್ತು ಎಣಿಸಿ. ಇದಕ್ಕೆ ಇಂಜಿನಿಯರ್ ಬೇಕಾಗಿಲ್ಲ.

ಊರಿನ ಮಹಾಯೋಜನೆಯ, ಅಂದರೆ ಮಾಸ್ಟರ್ ಪ್ಲಾನಿನ, ಕರಡು ಪ್ರಕಟವಾದಾಗ ಆಕ್ಷೇಪಣೆಗೆ ಗಡುವು ಕೊಡುತ್ತಾರೆ. ಎಲ್ಲಿ ವಸತಿ, ಎಲ್ಲಿ ವಾಣಿಜ್ಯ ಅನ್ನುವ ಬಣ್ಣ ತುಂಬುವುದು ಆಗಲೇ. ಪೇಪರಿನ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುವ ಆ ಪ್ರಕಟಣೆಗೆ ಕಣ್ಣಿಟ್ಟಿರಿ.

ನಮ್ಮ ಪಕ್ಕದ ಸೈಟಿಗೆ ನಾಳೆಯೇ ಮಷಿನ್ ಬರುತ್ತದಂತೆ. ಈಗ ಏನು ಮಾಡಲಿ?

ಇವತ್ತೇ, ಬೆಳಕಿರುವಾಗಲೇ ಫೋಟೊ ತೆಗೆಯಿರಿ. ಪ್ರತಿ ಕೋಣೆಯ ನಾಲ್ಕೂ ಗೋಡೆ, ಬಾಗಿಲು ಕಿಟಕಿಯ ಮೇಲಿನ ಮೂಲೆಗಳು, ಜಂತಿ ಗೋಡೆಗೆ ಕೂರುವ ಜಾಗ, ಹೊರಗಿನ ಗೋಡೆ, ಕಾಂಪೌಂಡ್. ಇವತ್ತಿನ ಪೇಪರನ್ನು ಗೋಡೆಗೆ ಆನಿಸಿ ಒಂದೊಂದು ಫೋಟೊ ತೆಗೆಯಿರಿ, ದಿನಾಂಕ ಕಾಣಬೇಕು. ಬಿರುಕು ಈಗಾಗಲೇ ಇದ್ದರೆ ಮುಚ್ಚಿಡಬೇಡಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಅದನ್ನೂ ತೆಗೆಯಿರಿ. ಪೆನ್ಸಿಲಿನಲ್ಲಿ ಬಿರುಕಿನ ತುದಿಗೆ ಅಡ್ಡ ಗೆರೆ ಎಳೆದು ತಾರೀಖು ಬರೆಯಿರಿ. ಬಿರುಕು ಗೆರೆ ದಾಟಿದ ದಿನ ಮತ್ತೊಂದು ಫೋಟೊ.

ಬಾವಿ ಇದ್ದರೆ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೀರು ಎಷ್ಟು ಅಡಿಗೆ ಸಿಗುತ್ತದೆ ಅಳೆಯಿರಿ. ವಾರಕ್ಕೊಮ್ಮೆ, ಸಾಧ್ಯವಾದರೆ ಒಂದೇ ಹೊತ್ತಿಗೆ, ಅಳೆದು ಕ್ಯಾಲೆಂಡರ್ ಮೇಲೆ ಬರೆದಿಡಿ. ಫೋಟೊಗಳನ್ನು ನಿಮ್ಮ ಫೋನಿನಲ್ಲಿ ಮಾತ್ರ ಇಡಬೇಡಿ, ಮಕ್ಕಳಿಗೋ ನೆಂಟರಿಗೋ ಇವತ್ತು ರಾತ್ರಿಯೇ ಕಳಿಸಿ. ಸೈಟಿನವರಿಗೆ ಮತ್ತು ನಗರಸಭೆಗೆ ಒಂದು ಪುಟದ ಪತ್ರ ಬರೆದು ಫೋಟೊಗಳ ಪ್ರತಿ ಜೊತೆಗಿಟ್ಟು ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಎತ್ತಿಡಿ. ಪತ್ರದಲ್ಲಿ ಜಗಳ ಬೇಡ. "ಇಂದಿನ ದಿನಾಂಕಕ್ಕೆ ನಮ್ಮ ಮನೆ ಈ ಸ್ಥಿತಿಯಲ್ಲಿದೆ" ಎಂದು ಬರೆದರೆ ಸಾಕು.

ಮಷಿನ್ ಶುರುವಾದ ಮೇಲೆ ಶೆಲ್ಫಿನ ಅಂಚಿನಲ್ಲಿರುವ ಲೋಟ, ಗಾಜಿನ ಸಾಮಾನು ಎಲ್ಲ ಕೆಳಗಿಡಿ. ಗವಾಕ್ಷಿಯ ಕೆಳಗೆ ಯಾರೂ ಹಾಸಿಗೆ ಹಾಕಬೇಡಿ.